ಎರಡು ವರ್ಷದ ಮಗಳು ಪ್ಲೇಸ್ಕೂಲ್ ಗೇಟಿನಲ್ಲಿ ದಿನಾ ಅಳುತ್ತಾಳೆ. ಮಾಂಟೆಸರಿಗೆ ಬದಲಿಸಬೇಕಾ, ಇಲ್ಲ ಎಲ್‌ಕೆಜಿವರೆಗೆ ಮನೆಯಲ್ಲೇ ಇಟ್ಟುಕೊಳ್ಳಬೇಕಾ?

"ಅವಳು ಆಟ ಆಡ್ತಿರುವಾಗ ಕಣ್ಣು ತಪ್ಪಿಸಿ ಹೊರಟುಬಿಡಿ ಅಂತ ಟೀಚರ್ ಹೇಳಿದ್ದಾರೆ, ಹಾಗೇ ಮಾಡ್ತಿದ್ದೇವೆ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಮಾಂಟೆಸರಿಯಾ, ಅಂಗನವಾಡಿಯಾ, ಅತ್ತೆ ಹೇಳಿದ ಹಾಗೆ ಮನೆಯಲ್ಲೇ ಇಟ್ಟುಕೊಳ್ಳೋದಾ, ಅದೆಲ್ಲ ಆಮೇಲೆ ನೋಡೋಣ. ಕಣ್ಣು ತಪ್ಪಿಸಿ ಹೋಗೋದನ್ನು ನಾಳೆಯಿಂದಲೇ ನಿಲ್ಲಿಸಿ.

ನಾನು ಅದನ್ನೇ ಮಾಡಿದವನು.

ಆಗ ನಾವು ಮೈಸೂರಿನಲ್ಲಿದ್ದೆವು. ನನ್ನ ಹೆಂಡತಿ ಸ್ಟಾಫ್ ನರ್ಸ್. ಹೆರಿಗೆ ರಜೆ 26 ವಾರ ಸಿಕ್ಕಿತ್ತು, ಅದು ಮುಗಿದ ಮೇಲೆ ನಮ್ಮತ್ತೆ ಬಂದು ಮಗುವನ್ನು ನೋಡಿಕೊಂಡರು. ಅವರು ವಾಪಸ್ ಹೊರಟಾಗ ಮಗನಿಗೆ ಒಂದೂವರೆ ವರ್ಷ. ಹೆಂಡತಿಗೆ ಬೆಳಗಿನ ಡ್ಯೂಟಿ, ಎಂಟಕ್ಕೆಲ್ಲ ವಾರ್ಡಿನಲ್ಲಿ ಇರಬೇಕು. ಹಾಗಾಗಿ ಬೇಬಿ ಸಿಟ್ಟಿಂಗ್‌ಗೆ ಬಿಡೋದು ನನ್ನ ಪಾಲಿಗೆ ಬಂತು. ಮನೆಗೆ ಹತ್ತಿರದ ಜಾಗ, ಶುಚಿಯಾಗಿತ್ತು, ಸಿಸಿಟಿವಿ ಇತ್ತು, ಫೀಸೂ ನಮಗೆ ಆಗುವಂಥದ್ದು. ನೋಡಿಕೊಳ್ಳುವವರೂ ಕೆಟ್ಟವರಲ್ಲ. ಇದನ್ನು ಯಾಕೆ ಹೇಳ್ತಿದ್ದೇನೆ ಅಂದರೆ, ಏನಾಯಿತೋ ಅದು ಜಾಗದ ದೋಷದಿಂದ ಆಗಿದ್ದಲ್ಲ.

ಮೊದಲ ದಿನ ಒಳಗೆ ಹೋದ ಕೂಡಲೇ ಅವನಿಗೆ ಪ್ಲಾಸ್ಟಿಕ್ ಲಾರಿ ಒಂದು ಕಾಣಿಸಿತು. ಕುಕ್ಕರಗಾಲಿನಲ್ಲಿ ಕೂತು ಅದರ ಹಿಂದಿನ ಬಾಗಿಲು ತೆಗೆಯೋದು, ಹಾಕೋದು, ಮತ್ತೆ ತೆಗೆಯೋದು ಶುರು ಮಾಡಿದ. ಆಯಮ್ಮ ನನ್ನ ಹತ್ತಿರ ಬಂದು "ಸಾರ್, ನೋಡ್ತಾ ಇಲ್ಲ, ಈಗಲೇ ಹೊರಟುಬಿಡಿ" ಅಂದರು. ಚಪ್ಪಲಿ ಸದ್ದಾಗುತ್ತೆ ಅಂತ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಗೇಟು ದಾಟಿದೆ. ಅಳು ಕೇಳಿಸಲಿಲ್ಲ. ಎಷ್ಟು ಸುಲಭವಾಗಿ ಆಯಿತಲ್ಲ ಅಂತ ಖುಷಿಯಾಗಿ ಹೆಂಡತಿಗೆ ಫೋನ್ ಮಾಡಿ ಹೇಳಿದೆ ಕೂಡ. ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ.

ಆ ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿ ಬೇರೆಯದೇ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ನನ್ನ ಬನಿಯನ್ ಹಿಡಿದುಕೊಳ್ಳುತ್ತಿದ್ದ. ಸ್ನಾನಕ್ಕೆ ಹೋದರೆ ಬಚ್ಚಲುಮನೆ ಬಾಗಿಲಿಗೆ ಹಣೆ ಒತ್ತಿ ನಿಲ್ಲುತ್ತಿದ್ದ. ಮನೆಯಲ್ಲಿ ಅವನಿಗೆ ಬಹಳ ಇಷ್ಟವಾದ ಆಟ ಒಂದಿತ್ತು, ಬೇಳೆ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಚಮಚ ಹಾಕೋದು. ಅದನ್ನು ಆಡುತ್ತಲೂ ಎರಡು ಸಲಕ್ಕೊಮ್ಮೆ ತಲೆ ಎತ್ತಿ ನಾನಿದ್ದೇನಾ ಅಂತ ನೋಡುತ್ತಿದ್ದ. ಆಮೇಲಾಮೇಲೆ ಡಬ್ಬಿ ಮುಟ್ಟೋದನ್ನೇ ಬಿಟ್ಟ. ಬೇಬಿ ಸಿಟ್ಟಿಂಗ್‌ನಲ್ಲಿ ಲಾರಿ ಕೊಟ್ಟರೆ ಮುಖ ತಿರುಗಿಸುತ್ತಿದ್ದ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನನಗೆ ಇದು ಹೊಳೆದದ್ದು ಬಹಳ ತಡವಾಗಿ. ಅವನ ಕಡೆಯಿಂದ ಯೋಚನೆ ಮಾಡಿ. ಅಪ್ಪ ಯಾವಾಗ ಮಾಯವಾಗುತ್ತಾನೆ? ನಾನು ಅಳುತ್ತಿರುವಾಗ ಅಲ್ಲ. ಅವನನ್ನು ಹಿಡಿದುಕೊಂಡಿರುವಾಗ ಅಲ್ಲ. ನಾನು ಆಟದಲ್ಲಿ ಮೈಮರೆತಾಗ. ಅಂದಮೇಲೆ ಮೈಮರೆಯಬಾರದು. ಒಂದೂವರೆ ವರ್ಷದ ಮಗು ಇದನ್ನು ಮಾತಿನಲ್ಲಿ ಯೋಚಿಸುವುದಿಲ್ಲ, ಆದರೆ ಲೆಕ್ಕ ಮಾತ್ರ ಸರಿಯಾಗಿಯೇ ಹಾಕುತ್ತದೆ. ಬಿಟ್ಟು ಹೋದದ್ದು ನನ್ನ ತಪ್ಪಲ್ಲ, ಕೆಲಸಕ್ಕೆ ಹೋಗಲೇಬೇಕಿತ್ತು. ಅವನು ಆಡುವ ಹೊತ್ತನ್ನೇ ನೋಡಿ ಹೋದೆನಲ್ಲ, ಅದು ತಪ್ಪು. ಆ ವಯಸ್ಸಿನಲ್ಲಿ ಕಲಿಕೆ ಅಂತ ಬೇರೆ ಏನೂ ಇಲ್ಲ. ಲಾರಿಯ ಬಾಗಿಲು ಇಪ್ಪತ್ತು ಸಲ ತೆಗೆದು ಹಾಕೋದೇ ಕಲಿಕೆ. ಒಳಗೆ, ಹೊರಗೆ, ಇತ್ತು, ಇಲ್ಲ, ಮತ್ತೆ ಇತ್ತು. ಅದಕ್ಕೆ ಬೇಕಾದದ್ದು ಒಂದೇ, ನಿಶ್ಚಿಂತೆ. ಅದನ್ನೇ ನಾನು ಕಿತ್ತುಕೊಂಡಿದ್ದೆ. ಅಳು ಕೇಳಿಸಿಕೊಳ್ಳೋ ಸಂಕಟ ನನಗೆ ಬೇಡವಾಗಿತ್ತು, ಅದಕ್ಕೆ ಅವನು ಬೆಲೆ ಕೊಟ್ಟ.

ಸ್ವಲ್ಪ ದಿನಕ್ಕೆ ಅವನು ಗೇಟಿನಲ್ಲಿ ಜೋರಾಗಿ ಅಳೋದಕ್ಕೆ ಶುರು ಮಾಡಿದ. ಆಮೇಲೆ ಒಂದು ದಿನ ಅಳು ನಿಂತಿತು. "ಸೆಟ್ ಆದ ಸಾರ್" ಅಂದರು. ನಾನೂ ನಂಬಿದೆ. ನಂಬದಿದ್ದವಳು ನನ್ನ ಹೆಂಡತಿ. ಅವಳಿಗೆ ಸಂಜೆ ಡ್ಯೂಟಿ ಬಿದ್ದಿದ್ದ ವಾರ ಬೆಳಿಗ್ಗೆ ಅವಳೇ ಬಿಡೋಕೆ ಹೋದಳು. ಕಿಟಕಿಯ ಪಕ್ಕ ನಿಂತು ನೋಡಿದರೆ ಮಗ ಗೋಡೆಗೆ ಒರಗಿ ಕೂತಿದ್ದಾನೆ. ಅಳುತ್ತಿಲ್ಲ, ಆಡುತ್ತಲೂ ಇಲ್ಲ, ಯಾರು ಕರೆದರೂ ತಿರುಗುತ್ತಿಲ್ಲ. "ಮಕ್ಕಳ ವಾರ್ಡಿನಲ್ಲಿ ಗಲಾಟೆ ಮಾಡೋ ಮಗು ಬಗ್ಗೆ ನಮಗೆ ಭಯ ಇರಲ್ಲ ರೀ. ಸುಮ್ನೆ ಬಿದ್ದಿರುತ್ತಲ್ಲ, ಅದನ್ನ ಎರಡೆರಡು ಸಲ ಹೋಗಿ ನೋಡ್ತೀವಿ" ಅಂದಳು.

ಅವಳು ಓದುವಾಗ ಇದರ ಬಗ್ಗೆ ಒಂದು ಪಾಠ ಇತ್ತಂತೆ. ಒಂದು ಕಾಲದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಕ್ಕಳ ಜೊತೆ ತಂದೆ ತಾಯಿಯನ್ನು ಇರಲು ಬಿಡುತ್ತಿರಲಿಲ್ಲ. ಬಂದು ಹೋದರೆ ಮಗು ಅಳುತ್ತೆ, ಬರದಿದ್ದರೆ ಒಂದೆರಡು ದಿನಕ್ಕೆ ಸುಮ್ಮನಾಗುತ್ತೆ ಅನ್ನೋ ಲೆಕ್ಕ. ಜೇಮ್ಸ್ ರಾಬರ್ಟ್‌ಸನ್ ಅನ್ನುವವರು 1952ರಲ್ಲಿ ಹಾಗೆ ಒಬ್ಬಳೇ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳನ್ನು ಕ್ಯಾಮೆರಾದಲ್ಲಿ ಹಿಡಿದು ವೈದ್ಯರಿಗೆ ತೋರಿಸಿದರು. ಅವರೂ ಜಾನ್ ಬೌಲ್ಬಿ ಅನ್ನುವ ಮನೋವೈದ್ಯರೂ ಹೇಳಿದ್ದು ಇಷ್ಟು: ಮಗು ಮೊದಲು ಪ್ರತಿಭಟಿಸುತ್ತೆ, ಆಮೇಲೆ ಆಸೆ ಬಿಡುತ್ತೆ, ಕೊನೆಗೆ ನಂಟನ್ನೇ ಕಳಚಿಕೊಳ್ಳುತ್ತೆ. ಹೊರಗಿನವರಿಗೆ ಕೊನೆಯದು "ಹೊಂದಿಕೊಂಡಿತು" ಅಂತ ಕಾಣುತ್ತೆ. 1959ರಲ್ಲಿ ಅಲ್ಲಿನ ಸರ್ಕಾರಿ ಸಮಿತಿಯೇ ತಂದೆ ತಾಯಿಗೆ ಯಾವಾಗ ಬೇಕಾದರೂ ಬರಲು ಬಿಡಿ ಅಂತ ಶಿಫಾರಸು ಮಾಡಿತು. ನಮ್ಮ ಮಗ ಸಂಜೆ ಮನೆಗೆ ಬರುತ್ತಿದ್ದ, ರಾತ್ರಿ ನಮ್ಮ ಪಕ್ಕದಲ್ಲೇ ಮಲಗುತ್ತಿದ್ದ, ಅಷ್ಟು ದೊಡ್ಡ ಅನಾಹುತ ಅಲ್ಲ ಅಂತ ನನಗೆ ಗೊತ್ತು. ಆದರೂ ಗೋಡೆಗೆ ಒರಗಿ ಕೂತ ಮಗುವನ್ನು "ಸೆಟ್ ಆದ" ಅಂತ ಕರೆಯೋದು ಸರಿಯಲ್ಲ.

ಹಾಗಾಗಿ ನಿಮ್ಮ ಮಗಳು ಅಳುತ್ತಿದ್ದಾಳೆ ಅನ್ನೋದು ನನಗೆ ಕೆಟ್ಟ ಸುದ್ದಿಯಾಗಿ ಕಾಣಿಸುತ್ತಿಲ್ಲ. ಅಮ್ಮ ಬೇಕು ಅಂತ ಕೇಳುತ್ತಿದ್ದಾಳೆ, ಕೇಳಿದರೆ ಸಿಗುತ್ತೆ ಅನ್ನೋ ನಂಬಿಕೆ ಇನ್ನೂ ಇದೆ. ಅಳು ನಿಲ್ಲಿಸೋದು ಹೇಗೆ ಅನ್ನೋ ಪ್ರಶ್ನೆಯನ್ನೇ ಬಿಟ್ಟುಬಿಡಿ.

ನಮಗಾದ ನಷ್ಟ ಹೇಳುತ್ತೇನೆ. ರಾತ್ರಿ ಬೆಚ್ಚಿ ಏಳುತ್ತಿದ್ದ. ಊಟ ಕಡಿಮೆಯಾಯಿತು, ರಾಗಿ ಸರಿ ಬಿಟ್ಟರೆ ಬೇರೆ ಏನೂ ಒಳಗೆ ಹೋಗುತ್ತಿರಲಿಲ್ಲ. ತೂಕದ ಗೆರೆ ಮೇಲೇರದೆ ಅಡ್ಡಡ್ಡ ಹೋಗತೊಡಗಿತು. ಹೆಂಡತಿ ಸಂಬಳವಿಲ್ಲದ ರಜೆ ಹಾಕಿದಳು. ಅದೂ ಎಷ್ಟು ದಿನ? ಕೊನೆಗೆ ಮಗನನ್ನು ನಮ್ಮೂರಿನಲ್ಲಿ, ಟಿ. ನರಸೀಪುರ ತಾಲ್ಲೂಕಿನಲ್ಲಿ, ನಮ್ಮಮ್ಮನ ಹತ್ತಿರ ಬಿಟ್ಟೆವು. ಅವನು ಒಂದೊಂದೇ ಪದ ಬಿಟ್ಟು ಉದ್ದುದ್ದ ಮಾತಾಡೋಕೆ ಕಲಿತದ್ದು ಅಲ್ಲಿ. ಅದನ್ನು ನಾವು ಕೇಳಿದ್ದು ಫೋನಿನಲ್ಲಿ. ಆ ತಿಂಗಳುಗಳು ವಾಪಸ್ ಬರೋದಿಲ್ಲ.

ಸರಿಯಾದದ್ದೂ ಅಲ್ಲೇ. ಸರಿ ಮಾಡಿದವರು ನಮ್ಮೂರಿನ ಅಂಗನವಾಡಿ ಟೀಚರ್.

ನಿಮ್ಮ ಪ್ರಶ್ನೆಯಲ್ಲಿ "ಅಂಗನವಾಡಿ ಅಂದರೆ ಸುಮ್ನೆ ಊಟಕ್ಕೆ ಕೂರಿಸೋ ಜಾಗ ಅಲ್ವಾ" ಅಂತ ಇದೆ. ಅಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾದ 33 ಬ್ಲಾಕ್‌ಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. ಹಾಗಾಗಿ ನಮ್ಮ ಕಡೆ ಅದು ಹಳೇ ಪರಿಚಯ. ಊಟ, ಹಾಲು, ಮೊಟ್ಟೆ, ಚುಚ್ಚುಮದ್ದು, ತೂಕ ಎಲ್ಲ ಇದೆ, ಜೊತೆಗೆ ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣವೂ ಅದರ ಕೆಲಸವೇ. ಎಲ್ಲ ಅಂಗನವಾಡಿಯೂ ಚೆನ್ನಾಗಿರುತ್ತೆ ಅಂತ ನಾನು ಹೇಳುವುದಿಲ್ಲ. ಒಬ್ಬರೇ ಟೀಚರು, ರಿಜಿಸ್ಟರು, ಫೋನಿನ ಆ್ಯಪು, ಸರ್ವೆ ಕೆಲಸ, ಇದರ ಮಧ್ಯೆ ಮಕ್ಕಳು. ಕೆಲವು ಕಡೆ ಸ್ವಂತ ಕಟ್ಟಡವೂ ಇಲ್ಲ. ಆದರೆ ನಮ್ಮ ಮಗನಿಗೆ ಸಿಕ್ಕ ಟೀಚರ್ ವಿಷಯ ತಿಳಿದವರು.

ಅವನಿಗೆ ಇನ್ನೂ ಮೂರು ತುಂಬಿರಲಿಲ್ಲ. ಹಳ್ಳಿಯಲ್ಲಿ ಅಕ್ಕಪಕ್ಕದ ಮಕ್ಕಳ ಜೊತೆ ಸಣ್ಣವೂ ಹೋಗುತ್ತವೆ. ಅಮ್ಮ ಅವನನ್ನು ಕರೆದುಕೊಂಡು ಹೋದಾಗ ಟೀಚರ್ "ಬಿಟ್ಟು ಹೋಗಿ" ಅನ್ನಲಿಲ್ಲ. "ನೀವೂ ಬನ್ನಿ ಅಜ್ಜಿ, ಇಲ್ಲೇ ಕೂತು ನಿಮ್ಮ ಕೆಲಸ ಮಾಡ್ಕೊಳ್ಳಿ" ಅಂದರು. ಅವರೆಕಾಯಿ ಕಾಲ. ಅಮ್ಮ ಮೊರ ತಗೊಂಡು ಹೋಗಿ ಗೋಡೆ ಪಕ್ಕ ಕೂತು ಕಾಯಿ ಸುಲಿದರು. ಮಗ ಮೊದಲು ಅವರ ಮಡಿಲು ಬಿಡಲಿಲ್ಲ. ಆಮೇಲೆ ಮೊರದ ಕಾಳು ಎತ್ತಿ ಬೇರೆ ಮಕ್ಕಳಿಗೆ ಕೊಟ್ಟು ಬರತೊಡಗಿದ. ಒಂದು ಕಾಳು ಕೊಡೋದು, ಓಡಿ ಬಂದು ಅಜ್ಜಿಯ ಮಂಡಿ ಮುಟ್ಟೋದು, ಇನ್ನೊಂದು ಕಾಳು. ಟೀಚರ್ ಅವನನ್ನು ಕರೆಯಲೂ ಇಲ್ಲ, ಎಳೆಯಲೂ ಇಲ್ಲ. ಬಂದರೆ ಮಾತಾಡಿಸುತ್ತಿದ್ದರು ಅಷ್ಟೇ.

ಅವನು ಟೀಚರ್ ಕೈಯಿಂದ ತಿನ್ನೋಕೆ ಶುರು ಮಾಡಿದ ಮೇಲೆ ಅಮ್ಮನಿಗೆ ಒಂದು ಕೆಲಸ ಹೇಳಿಕೊಟ್ಟರು. ಅವನ ಎದುರು ಕೂತು, ಮುಖ ನೋಡಿ, "ಮನೆಗೆ ಹೋಗಿ ಕೊತ್ತಂಬರಿ ಸೊಪ್ಪು ತಗೊಂಡು ಬರ್ತೀನಿ" ಅಂತ ಹೇಳಿ ಹೋಗಬೇಕು. ಬೇಗ ಬರಬೇಕು. ಬರುವಾಗ ಕೈಯಲ್ಲಿ ನಿಜವಾಗಲೂ ಕೊತ್ತಂಬರಿ ಸೊಪ್ಪು ಇರಬೇಕು. ಮೊದಲ ಸಲ ಅತ್ತ. ಟೀಚರ್ ಎತ್ತಿಕೊಂಡು ಕಿಟಕಿ ಹತ್ತಿರ ನಿಂತು "ಅಜ್ಜಿ ಹೋದ್ರು, ಸೊಪ್ಪು ತರ್ತಾರೆ, ನಿಂಗೆ ಬೇಜಾರಾಯ್ತಾ" ಅಂತ ಅಳು ಮುಗಿಯುವವರೆಗೆ ಇಟ್ಟುಕೊಂಡಿದ್ದರು. ಸೊಪ್ಪು ಬಂತು. ಸ್ವಲ್ಪ ದಿನಕ್ಕೆ "ಎಮ್ಮೆಗೆ ಹುಲ್ಲು ಹಾಕಿ ಬರ್ತೀನಿ" ಅಂತ ಇನ್ನೂ ಜಾಸ್ತಿ ಹೊತ್ತು. ಆಮೇಲೆ "ನೀನು ಊಟ ಮಾಡಿದ ಮೇಲೆ ಬರ್ತೀನಿ". ಆ ವೇಳೆಗೆ ಅವನು ಮರಳಿನಲ್ಲಿ ಚೊಂಬು ಮಗುಚಿ ಗುಡ್ಡೆ ಮಾಡುತ್ತಿದ್ದನಂತೆ, ಅಜ್ಜಿ ಹೊರಟಾಗ ತಲೆ ಕೂಡ ಎತ್ತದೆ "ಊಂ" ಅಂದನಂತೆ.

ನಾನು ಭಾನುವಾರ ಸಂಜೆ ವಾಪಸ್ ಹೊರಡುವಾಗಲೂ ಹಳೇ ಚಾಳಿಯೇ. ಅವನನ್ನು ಮಲಗಿಸಿ ಕೊನೆ ಬಸ್ಸಿಗೆ ಓಡುತ್ತಿದ್ದೆ. ಅಮ್ಮ ಒಂದು ದಿನ ತಡೆದರು. "ಮಲಗಿಸ್ಬುಟ್ಟು ಓಡೋಗ್ಬೇಡ ಕಣಪ್ಪ. ಎದ್ದು ಹುಡುಕಿದ್ರೆ ನಾನೇನ್ ಹೇಳ್ಲಿ? ಎದುರಿಗೆ ಹೇಳೋಗು. ಅತ್ರೆ ಅಳ್ಲಿ, ನಾನಿದೀನಿ." ಅವತ್ತು ಹೇಳಿ ಹೊರಟೆ. ಬಸ್‌ಸ್ಟ್ಯಾಂಡಿನವರೆಗೂ ಅವನ ಅಳು ಕೇಳಿಸುತ್ತಿತ್ತು. ಆದರೆ ಅವತ್ತು ರಾತ್ರಿ ಅವನು ಏಳಲಿಲ್ಲ ಅಂತ ಅಮ್ಮ ಬೆಳಿಗ್ಗೆ ಫೋನ್ ಮಾಡಿದರು.

ನಮ್ಮ ಟೀಚರ್ ಮಾಡಿದ್ದನ್ನೇ ಜರ್ಮನಿಯಲ್ಲಿ ಕ್ರಮಬದ್ಧವಾಗಿ ಮಾಡುತ್ತಾರೆ ಅಂತ ಆಮೇಲೆ ಓದಿದೆ. ಬರ್ಲಿನ್ ಮಾದರಿ ಅಂತ ಅದಕ್ಕೆ ಹೆಸರು. ಮೊದಲ ಮೂರು ದಿನ ಅಪ್ಪ ಅಥವಾ ಅಮ್ಮ ಮಗುವಿನ ಜೊತೆಗೇ ಇರುತ್ತಾರೆ, ಬಿಟ್ಟು ಹೋಗುವ ಮಾತೇ ಇಲ್ಲ. ನಾಲ್ಕನೇ ದಿನ ಹೇಳಿ, ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡುತ್ತಾರೆ. ಅಳುವ ಮಗುವನ್ನು ಅಲ್ಲಿನ ಟೀಚರ್ ಸಮಾಧಾನ ಮಾಡಲು ಆಯಿತಾ ಇಲ್ಲವಾ ಅನ್ನೋದರ ಮೇಲೆ ಮುಂದಿನದು. ಅಲ್ಲಿ ಅಳುತ್ತಾ ಇಲ್ಲವಾ ಅಂತ ನೋಡುವುದಿಲ್ಲ ಗಮನಿಸಿ. ಅತ್ತಾಗ ಆ ಜಾಗದಲ್ಲಿ ಅದಕ್ಕೊಬ್ಬರು ಇದ್ದಾರಾ ಅಂತ ನೋಡುತ್ತಾರೆ.

ಈಗ ನಿಮ್ಮ ಪ್ರಶ್ನೆ. ಮಾಂಟೆಸರಿಯಾ ಪ್ಲೇಸ್ಕೂಲಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡು ವರ್ಷದ ಮಗುವಿನ ವಿಷಯದಲ್ಲಿ ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ ಮೊದಲ "ಮಕ್ಕಳ ಮನೆ" ಕೂಡ, ಅಪ್ಪ ಅಮ್ಮ ಕೂಲಿಗೆ ಹೋದಾಗ ಬಡಾವಣೆಯಲ್ಲಿ ಉಳಿಯುತ್ತಿದ್ದ ಮಕ್ಕಳಿಗಾಗಿಯೇ. ಒಳ್ಳೆಯ ಪದ್ಧತಿ, ನನಗೆ ಗೌರವ ಇದೆ. ಆದರೆ ಆ ಹೆಸರಿನ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬೋರ್ಡು ನೋಡಿ ಸೇರಿಸಬೇಡಿ. ಒಳಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಮೊದಲ ವಾರ ನಾನು ಒಳಗೆ ಮಗು ಜೊತೆ ಕೂರಬಹುದಾ?" ಹೂಂ ಅಂದರೆ ಮುಂದೆ ಮಾತಾಡಿ. "ಪೇರೆಂಟ್ಸ್ ಗೇಟಿನಿಂದ ಒಳಗೆ ಬರೋ ಹಾಗಿಲ್ಲ, ನಿಮ್ಮನ್ನ ನೋಡಿದರೆ ಇನ್ನೂ ಅಳ್ತಾರೆ" ಅಂದರೆ, ಎಷ್ಟೇ ದೊಡ್ಡ ಹೆಸರಿನ ಜಾಗ ಆದರೂ ಎದ್ದು ಬನ್ನಿ. ಒಬ್ಬ ಆಯಾಗೆ ಎಷ್ಟು ಮಕ್ಕಳು, ತಿಂಗಳಿಗೊಬ್ಬರು ಬದಲಾಗುತ್ತಾರಾ ಅಂತಲೂ ಕೇಳಿ. ಸಿಸಿಟಿವಿ ಬಗ್ಗೆ ಅಷ್ಟು ವಿಚಾರಿಸಿದ್ದೀರಿ. ನಮಗೂ ಇತ್ತು. ಅದರಲ್ಲಿ ಮಗ ಗೋಡೆಗೆ ಒರಗಿ ಕೂತದ್ದು ನನಗೆ "ಜಾಣ ಮರಿ" ಅಂತ ಕಾಣಿಸಿತ್ತು.

ಎಲ್‌ಕೆಜಿವರೆಗೆ ಮನೆಯಲ್ಲೇ ಇಟ್ಟುಕೊಳ್ಳೋದು? ನಿಮ್ಮತ್ತೆಗೆ ಆರೋಗ್ಯ ಇದ್ದು, ಮನಸ್ಸಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಿ. ಹಿಂದೆ ಬೀಳುತ್ತಾಳೆ ಅನ್ನೋ ಭಯ ಬಿಡಿ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ನಮ್ಮ ರಾಜ್ಯದಲ್ಲೂ ನಿಯಮ ಬಂದಿದೆ, 2025-26ಕ್ಕೆ 5 ವರ್ಷ 5 ತಿಂಗಳಿಗೆ ಇಳಿಸಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಬುನಾದಿ ಹಂತ ಶುರುವಾಗೋದೇ ಮೂರು ವರ್ಷಕ್ಕೆ. ನಿಮ್ಮ ಮಗಳು ಅದಕ್ಕೂ ಚಿಕ್ಕವಳು. ಪಕ್ಕದ ಮನೆ ಮಗು ಎ ಟು ಝಡ್ ಹೇಳಿದರೆ ಹೇಳಲಿ. ಇನ್ನು ಈ ವಯಸ್ಸಿಗೆ ಪೆನ್ಸಿಲ್ ಕೊಟ್ಟು ಚುಕ್ಕಿ ಜೋಡಿಸಿ ತಿದ್ದಿಸುತ್ತಾರೆ ಅಂತ ಬರೆದಿದ್ದೀರಿ, ಅದಕ್ಕೂ ಒಪ್ಪಬೇಡಿ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಎರಡು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಹೆಚ್ಚಿನವು ಇನ್ನೂ ಮೃದ್ವಸ್ಥಿ, ಗಟ್ಟಿ ಮೂಳೆ ಆಗೋಕೆ ವರ್ಷಗಳು ಬೇಕು. ಚಪಾತಿ ಹಿಟ್ಟು ಕೊಡಿ, ಬಟಾಣಿ ಬಿಡಿಸೋಕೆ ಕೊಡಿ, ನೀರು ಮೊಗೆದು ಸುರಿಯೋಕೆ ಬಿಡಿ.

ಆದರೆ ಅಳು ತಪ್ಪಿಸೋಕೆ ಅಂತ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅತ್ತೆ ಜೊತೆ ಬಿಟ್ಟು ಹೋಗುವಾಗಲೂ ನೀವು ಹಿಂಬಾಗಿಲಿಂದ ಹೊರಟರೆ ಕಥೆ ಅದೇ. ಮನೆಯಲ್ಲೂ ಹೇಳಿಯೇ ಹೊರಡಿ.

ಹೇಳೋದು ಹೇಗೆ ಅಂದರೆ, ಚಿಕ್ಕದಾಗಿ. ಉದ್ದ ಮಾಡಿದಷ್ಟೂ ಇಬ್ಬರಿಗೂ ಕಷ್ಟ. ಕೆಳಗೆ ಕೂತು ಮುಖ ನೋಡಿ, "ಅಮ್ಮ ಆಫೀಸಿಗೆ ಹೋಗಿ ಬರ್ತಾಳೆ. ನೀನು ಊಟ ಮಾಡಿ, ತಾಚಿ ಮಾಡಿ, ಎದ್ದು ಹಾಲು ಕುಡಿದ ಮೇಲೆ ಬರ್ತಾಳೆ" ಅನ್ನಿ. ಐದು ಗಂಟೆ ಅಂದರೆ ಅವಳಿಗೆ ಗೊತ್ತಾಗುವುದಿಲ್ಲ, ಹಾಲು ಗೊತ್ತಾಗುತ್ತೆ. ಹೇಳಿದ ಹೊತ್ತಿಗೆ ಬನ್ನಿ. ಬರೋಕೆ ಆಗದ ದಿನ ಯಾರು ಬರುತ್ತಾರೆ ಅಂತ ಮೊದಲೇ ಹೇಳಿ. "ಚಾಕ್ಲೇಟ್ ತರೋಕೆ ಹೋಗ್ತೀನಿ" ಅಂತ ಸುಳ್ಳು ಬೇಡ. ಅತ್ತರೆ "ಅಯ್ಯೋ ಶೇಮ್ ಶೇಮ್" ಅನ್ನೋದೂ ಬೇಡ. ನಿಮ್ಮ ಹಳೇ ದುಪಟ್ಟಾ ಒಂದು ಅವಳ ಬ್ಯಾಗಿನಲ್ಲಿ ಇಡಿ, ತೊಳೆಯದೆ.

ಇನ್ನೊಂದು ಮಾತು. ನೀವು ದೊಡ್ಡ ಕಂಪನಿಯಲ್ಲಿ ಇದ್ದೀರಿ ಅಂತ ಬರೆದಿದ್ದೀರಿ. ಕಾನೂನಿನ ಪ್ರಕಾರ 50 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಎಚ್‌ಆರ್‌ನವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ, ಬರಹದಲ್ಲಿ ಕೇಳಿ. ನಿಮ್ಮವರಿಗೂ ಒಂದು ವಾರ ರಜೆ ಹಾಕೋಕೆ ಹೇಳಿ. ಅಪ್ಪ ಕೂತರೂ ನಡೆಯುತ್ತೆ. ಊರಿಂದ ವಾಪಸ್ ಕರೆದುಕೊಂಡು ಬಂದ ಮೇಲೆ ಬೇರೆ ಡೇ ಕೇರ್‌ಗೆ ಸೇರಿಸಿದಾಗ ಚಾಪೆ ಮೇಲೆ ಕೂತವನು ನಾನೇ. ಅಲ್ಲಿನ ಮೇಡಂ ನನಗೂ ಬಟಾಣಿ ಬಿಡಿಸೋಕೆ ಕೊಟ್ಟಿದ್ದರು.

ಸೋಮವಾರ ನಿಮ್ಮ ಪ್ಲೇಸ್ಕೂಲಿನವರ ಹತ್ತಿರ ಕೂತು ಇದನ್ನೆಲ್ಲ ಮಾತಾಡಿ. ಒಪ್ಪಿದರೆ ಶಾಲೆ ಬದಲಿಸಬೇಡಿ, ಈಗಾಗಲೇ ಗೊತ್ತಿರುವ ಮುಖಗಳು ಅಲ್ಲಿವೆ, ಅದೇ ಜಾಗದಲ್ಲಿ ಮೊದಲಿಂದ ಶುರು ಮಾಡಿ. ಒಪ್ಪದಿದ್ದರೆ ಕಟ್ಟಿರುವ ವರ್ಷದ ಫೀಸ್ ಹೋದರೆ ಹೋಗಲಿ, ಬಿಡಿಸಿಬಿಡಿ.